ಬಾಕಿಯಿಲ್ಲದ ಬಾಕಿ

ಚನ್ನಪಟ್ಟಣದ ಬೊಂಬೆಗಳನ್ನು ನೋಡದ ಮಕ್ಕಳು ಕಡಿಮೆ. ಹಾಲೆ ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಕಡೆದು, ಅದು ಗಿರಗಿರನೆ ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿದು ಮಾಡುವ ಬುಗುರಿ, ಗಿಲಕಿ, ಕುದುರೆಗಳು ಬೆಂಗಳೂರು–ಮೈಸೂರು ರಸ್ತೆಯ ಅಂಗಡಿಗಳಲ್ಲಷ್ಟೇ ಉಳಿಯುವುದಿಲ್ಲ. ಸಮುದ್ರ ದಾಟಿ ದೂರದ ದೇಶಗಳ ಮಕ್ಕಳ ಕೈಯನ್ನೂ ಸೇರುತ್ತವೆ. ಬೊಂಬೆ ಮೊದಲು ಹೋಗುತ್ತದೆ, ಹಣ ಆಮೇಲೆ ಬರುತ್ತದೆ. ನಡುವೆ ಎರಡು ಮೂರು ತಿಂಗಳ ಅಂತರ. ಆ ಅಂತರದಲ್ಲಿ ಲೆಕ್ಕದ ಪುಸ್ತಕದೊಳಗೆ ಒಂದು ವಿಚಿತ್ರ ನಡೆಯುತ್ತದೆ. ಅದನ್ನು ತಿಳಿಯದಿದ್ದರೆ ಒಳ್ಳೆಯ ಗಿರಾಕಿಯೂ ಸಾಲಗಾರನಂತೆ ಕಾಣಿಸುತ್ತಾನೆ.

ಅಂಥ ಬೊಂಬೆಗಳನ್ನು ಮಾಡಿಸಿ ಹೊರದೇಶಕ್ಕೆ ಕಳಿಸುವ ಒಂದು ಸಣ್ಣ ಕುಟುಂಬವನ್ನು ಕಲ್ಪಿಸಿಕೊಳ್ಳಿ. ಅಪ್ಪ, ಅಮ್ಮ, ಅಂತಿಮ ಬಿ.ಕಾಂ. ಓದುವ ಮಗಳು, ಹತ್ತನೆಯ ತರಗತಿಯ ಮಗ. ಮನೆಯಲ್ಲಿ ಕಂಪ್ಯೂಟರ್ ಇದೆ, ಅದರಲ್ಲಿ ಲೆಕ್ಕ ಬರೆಯುವ ಸಾಫ್ಟ್‌ವೇರ್ ಇದೆ. ಕೆಂಪು ರಟ್ಟಿನ ಉದ್ದ ಪುಸ್ತಕದಲ್ಲಿ ಕೂಡಿ ಕಳೆಯುವ ತಲೆನೋವು ತಪ್ಪಿತೆಂದು ಅಪ್ಪನಿಗೆ ಸಮಾಧಾನ. ಹೊರದೇಶದ ಗಿರಾಕಿಗೆ ಬಿಲ್ ಮಾಡಿದ ದಿನ ಅವರು ಅಂದಿನ ವಿನಿಮಯ ದರ ಕೇಳಿಕೊಂಡು, ಕ್ಯಾಲ್ಕುಲೇಟರಿನಲ್ಲಿ ಗುಣಿಸಿ, ಬಂದ ರೂಪಾಯಿ ಮೊತ್ತವನ್ನು ಮಾತ್ರ ಕಂಪ್ಯೂಟರಿಗೆ ಹಾಕುತ್ತಾರೆ. ಹಣ ಬಂದ ದಿನ ಬ್ಯಾಂಕಿನವರು ಎಷ್ಟು ರೂಪಾಯಿ ಜಮಾ ಮಾಡಿದರೋ ಅಷ್ಟನ್ನು ಗಿರಾಕಿಯ ಖಾತೆಯಲ್ಲಿ ಬಂತೆಂದು ತೋರಿಸುತ್ತಾರೆ. ಇದರಲ್ಲಿ ತಪ್ಪೇನಿದೆ ಎಂದು ಯಾರಿಗಾದರೂ ಅನ್ನಿಸಬಹುದು.

ಮಾರ್ಚ್ ತಿಂಗಳು. ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. ಅಪ್ಪ ಬಾಕಿದಾರರ ಪಟ್ಟಿ ತೆಗೆದು ನೋಡಿದರು. ಜರ್ಮನಿಯ ಒಂದು ಅಂಗಡಿಯವರ ಹೆಸರಿನ ಮುಂದೆ 6,000 ರೂಪಾಯಿ ಬಾಕಿ ಎಂದಿತ್ತು. ಅವರಿಗೆ ನವೆಂಬರಿನಲ್ಲಿ 4,000 ಯೂರೊ ಬಿಲ್ ಆಗಿತ್ತು. ಆ ದಿನ ಯೂರೊಗೆ 90 ರೂಪಾಯಿ. ಹಾಗಾಗಿ ಪುಸ್ತಕದಲ್ಲಿ 3,60,000 ಎಂದು ಬರೆದದ್ದಾಗಿತ್ತು. ಜನವರಿಯಲ್ಲಿ ಹಣ ಬಂದಾಗ ಬ್ಯಾಂಕಿನ ಖಾತೆಗೆ ಸೇರಿದ್ದು 3,54,000. (ಲೆಕ್ಕ ಸುಲಭವಾಗಲೆಂದು ಇಲ್ಲಿ ದರಗಳನ್ನು ದುಂಡಗೆ ಇಟ್ಟಿದೆ.) ಉಳಿದ ಆರು ಸಾವಿರ ಎಲ್ಲಿ? ಅಪ್ಪ ಒಂದು ಪತ್ರ ಬರೆದೇ ಬಿಟ್ಟರು. ನಾಲ್ಕು ದಿನಕ್ಕೆ ಉತ್ತರ ಬಂತು. ಮರ್ಯಾದೆಯ ಮಾತೇ, ಆದರೆ ಹಿಂದಿನ ಪತ್ರಗಳ ಆತ್ಮೀಯತೆ ಅದರಲ್ಲಿರಲಿಲ್ಲ. 'ಬಿಲ್ಲಿನಲ್ಲಿದ್ದ 4,000 ಯೂರೊವನ್ನೂ ಕಳಿಸಿದ್ದೇವೆ, ಬ್ಯಾಂಕಿನ ಕಾಗದ ಲಗತ್ತಿಸಿದೆ' ಎಂದಷ್ಟೇ ಇತ್ತು.

"ಕಂಪ್ಯೂಟರ್ ಸುಳ್ಳು ಹೇಳ್ತದಾ? ಅವ್ರು ಆರು ಸಾವ್ರ ಕಮ್ಮಿ ಕಳ್ಸವ್ರೆ" ಎಂದರು ಅಪ್ಪ.

ಮಗಳು ಬಿಲ್ಲನ್ನೂ ಬ್ಯಾಂಕಿನ ಕಾಗದವನ್ನೂ ಪಕ್ಕಪಕ್ಕ ಇಟ್ಟಳು. "ಅಪ್ಪ, ನಾವು ಅವ್ರಿಗೆ ಬಿಲ್ ಕೊಟ್ಟಿದ್ದು ರೂಪಾಯೀಲಾ, ಯೂರೊದಲ್ಲಾ?"

"ಯೂರೊದಲ್ಲಿ."

"ಎಷ್ಟು ಯೂರೊ ಕೇಳಿದ್ವಿ? ಎಷ್ಟು ಬಂತು?"

"ಕೇಳಿದ್ದು ನಾಲ್ಕು ಸಾವ್ರ. ಬಂದಿದ್ದೂ ನಾಲ್ಕು ಸಾವ್ರ."

"ಮತ್ತೆ ಬಾಕಿ ಎಲ್ಲಿದೆ ಅಪ್ಪ?"

ಪಕ್ಕದಲ್ಲಿ ಭೌತಶಾಸ್ತ್ರದ ಲೆಕ್ಕ ಮಾಡುತ್ತಿದ್ದ ತಮ್ಮ ತಲೆಯೆತ್ತಿದ. "ಏಕಮಾನ ಬರೀದಿದ್ರೆ ನಮ್ ಮೇಷ್ಟ್ರು ಅರ್ಧ ಅಂಕ ಕಟ್ ಮಾಡ್ತಾರೆ ಅಕ್ಕ" ಎಂದ. ಎಲ್ಲರೂ ನಕ್ಕರು. ಆದರೆ ಹುಡುಗ ಹೇಳಿದ್ದರಲ್ಲೇ ಉತ್ತರ ಇತ್ತು.

ವಿಜ್ಞಾನದ ತರಗತಿಯಲ್ಲಿ ಮೊದಲು ಕಲಿಸುವ ಪಾಠಗಳಲ್ಲಿ ಇದೂ ಒಂದು. ಬರಿಯ ಸಂಖ್ಯೆಗೆ ಅರ್ಥವಿಲ್ಲ, ಅದರ ಜೊತೆಗೆ ಏಕಮಾನ ಇರಬೇಕು. ಐದು ಮೀಟರಿಗೆ ಮೂರು ಕಿಲೋಗ್ರಾಂ ಕೂಡಿಸಲಾಗದು. ಈ ನಿಯಮ ಮುರಿದರೆ ಎಂಥ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಪ್ರಸಿದ್ಧ ಉದಾಹರಣೆ ಅಮೆರಿಕದ ನಾಸಾ ಸಂಸ್ಥೆಯ ಮಾರ್ಸ್ ಕ್ಲೈಮೇಟ್ ಆರ್ಬಿಟರ್. ಮಂಗಳ ಗ್ರಹವನ್ನು ಸುತ್ತಬೇಕಾಗಿದ್ದ ಆ ನೌಕೆ 1999ರ ಸೆಪ್ಟೆಂಬರ್ 23ರಂದು ಕಳೆದುಹೋಯಿತು. ಭೂಮಿಯ ಮೇಲಿನ ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ನ್ಯೂಟನ್ ಲೆಕ್ಕದ್ದೆಂದು ತಿಳಿದದ್ದೇ ಅನಾಹುತದ ಮೂಲ. ಅಂಕಿಗಳು ಸರಿಯಾಗಿದ್ದವು. ಅವುಗಳ ಏಕಮಾನ ದಾರಿಯಲ್ಲಿ ಕಳೆದಿತ್ತು.

ಅಪ್ಪನ ಪುಸ್ತಕದಲ್ಲಿ ಆದದ್ದೂ ಇದೇ. ಜರ್ಮನಿಯವರು ಕೊಡಬೇಕಾದದ್ದು ಯೂರೊ. ಪುಸ್ತಕಕ್ಕೆ ಹೋಗುವಾಗ ಯೂರೊ ಎಂಬ ಏಕಮಾನ ಅಳಿಸಿಹೋಗಿ ರೂಪಾಯಿ ಮಾತ್ರ ಉಳಿಯಿತು. ಇದರಲ್ಲಿ ಇನ್ನೊಂದು ತೊಡಕೂ ಇದೆ. ಒಂದು ಅಂಗುಲ ಎಂದರೆ ಇಂದಿಗೂ 2.54 ಸೆಂಟಿಮೀಟರ್, ಮುಂದಿನ ವರ್ಷಕ್ಕೂ ಅಷ್ಟೇ. ಒಂದು ಯೂರೊ ಎಂದರೆ ಎಷ್ಟು ರೂಪಾಯಿ? ಅದಕ್ಕೆ ಉತ್ತರ ಹೇಳುವ ಮೊದಲು 'ಯಾವ ದಿನ?' ಎಂದು ಕೇಳಬೇಕು. ವಿನಿಮಯ ದರ ಎಂಬುದು ತಾರೀಖು ಅಂಟಿಸಿಕೊಂಡಿರುವ ಸಂಖ್ಯೆ. ಬಿಲ್ ಮಾಡಿದ ದಿನ ಒಂದು ದರ, ಹಣ ಬಂದ ದಿನ ಇನ್ನೊಂದು. ಆ ಎರಡರ ನಡುವಿನ ವ್ಯತ್ಯಾಸಕ್ಕೆ ಗಿರಾಕಿ ಹೊಣೆಯಲ್ಲ. ಅದು ಮಾರುಕಟ್ಟೆಯ ಏರಿಳಿತ.

ಹಾಗಾದರೆ ಪುಸ್ತಕವನ್ನು ಹೇಗೆ ಜೋಡಿಸಬೇಕು? ಮಗಳು ಆ ರಾತ್ರಿ ಮಾಡಿದ್ದನ್ನು ಯಾವ ವಿದ್ಯಾರ್ಥಿಯಾದರೂ ಮಾಡಬಹುದು. ಪುಸ್ತಕದ ಮೂಲ ನಾಣ್ಯ ರೂಪಾಯಿಯೇ. ತೆರಿಗೆ, ಲಾಭ ನಷ್ಟ, ಅಡಾವೆ ಪತ್ರಿಕೆ ಎಲ್ಲವೂ ಕೊನೆಗೆ ರೂಪಾಯಿಯಲ್ಲೇ ಬರಬೇಕು. ಆದರೆ 'ಬರಬೇಕಾದ ಬಾಕಿ' ಎಂಬ ಒಂದೇ ಚೀಲದೊಳಗೆ ಎಲ್ಲವನ್ನೂ ಸುರಿಯಬಾರದು. ಆ ಹೆಸರಿನ ತಾಯಿ ಖಾತೆಯೊಂದನ್ನು ತೆರೆದು, ಅದರ ಕೆಳಗೆ ನಾಲ್ಕು ಮಕ್ಕಳ ಖಾತೆ ಮಾಡಬೇಕು: ಬಾಕಿ–ರೂಪಾಯಿ, ಬಾಕಿ–ಡಾಲರ್, ಬಾಕಿ–ಯೂರೊ, ಬಾಕಿ–ಪೌಂಡ್. ತಾಯಿ ಖಾತೆಗೆ ನೇರವಾಗಿ ಏನನ್ನೂ ಬರೆಯಬಾರದು. ಅದು ಕೇವಲ ತಲೆಬರಹ. ಪ್ರತಿ ಗಿರಾಕಿಗೂ ಮೊದಲೇ ಒಂದು ನಾಣ್ಯ ಗೊತ್ತುಮಾಡಿ, ಅವನ ಬಿಲ್ಲುಗಳು ಆ ನಾಣ್ಯದ ಖಾತೆಗೆ ಮಾತ್ರ ಹೋಗುವಂತೆ ಮಾಡಬೇಕು. ಒಬ್ಬನೇ ಗಿರಾಕಿ ಒಮ್ಮೆ ಡಾಲರಿನಲ್ಲೂ ಒಮ್ಮೆ ಯೂರೊದಲ್ಲೂ ವ್ಯವಹರಿಸಿದರೆ ಅವನನ್ನು ಎರಡು ಹೆಸರಿನಲ್ಲಿ ನಮೂದಿಸುವುದು ಲೇಸು.

ಇವುಗಳ ಜೊತೆಗೆ ಇನ್ನೆರಡು ಖಾತೆ ಬೇಕು. ಒಂದು 'ವಿನಿಮಯ ಲಾಭ–ನಷ್ಟ', ಇನ್ನೊಂದು 'ಬ್ಯಾಂಕ್ ಶುಲ್ಕ'. ಇವು ಏಕೆ ಎಂಬುದು ಜರ್ಮನಿಯ ಬಿಲ್ಲನ್ನು ಮತ್ತೆ ಬರೆದಾಗ ತಿಳಿಯುತ್ತದೆ. ನವೆಂಬರಿನಲ್ಲಿ ಬಾಕಿ–ಯೂರೊ ಖಾತೆಗೆ 4,000 ಯೂರೊ ಡೆಬಿಟ್, ಅದರ ರೂಪಾಯಿ ಬೆಲೆ 3,60,000. ಮಾರಾಟದ ಖಾತೆಗೆ 3,60,000 ಕ್ರೆಡಿಟ್. ಜನವರಿಯಲ್ಲಿ ಬ್ಯಾಂಕಿಗೆ 3,54,000 ಡೆಬಿಟ್, ವಿನಿಮಯ ನಷ್ಟಕ್ಕೆ 6,000 ಡೆಬಿಟ್. ಬಾಕಿ–ಯೂರೊ ಖಾತೆಗೆ 4,000 ಯೂರೊ, ಅಂದರೆ 3,60,000 ರೂಪಾಯಿ ಕ್ರೆಡಿಟ್. ಈಗ ಆ ಖಾತೆಯಲ್ಲಿ ಯೂರೊ ಸೊನ್ನೆ, ರೂಪಾಯಿಯೂ ಸೊನ್ನೆ. ಆರು ಸಾವಿರ ಮಾಯವಾಗಲಿಲ್ಲ. ತಾನು ಇರಬೇಕಾದ ಜಾಗಕ್ಕೆ ಹೋಯಿತು. ಅದು ಅಪ್ಪನ ವ್ಯಾಪಾರದ ನಷ್ಟ, ಗಿರಾಕಿಯ ಸಾಲವಲ್ಲ.

ಅಮೆರಿಕದ ಗಿರಾಕಿಯ ಖಾತೆ ಇನ್ನೂ ಸ್ವಾರಸ್ಯವಾದದ್ದು. ಅವರಿಗೆ 5,000 ಡಾಲರಿನ ಬಿಲ್ ಆಗಿತ್ತು. ಅಂದು ದರ 83 ರೂಪಾಯಿ, ಆದ್ದರಿಂದ 4,15,000. ಹಣ ಬಂದ ದಿನ ದರ 84. ಬ್ಯಾಂಕಿಗೆ ಸೇರಿದ್ದು 4,18,320. ಹಳೆಯ ಪಟ್ಟಿಯಲ್ಲಿ ಈ ಗಿರಾಕಿ 3,320 ರೂಪಾಯಿ ಹೆಚ್ಚಿಗೆ ಕೊಟ್ಟವರಂತೆ ಕಾಣುತ್ತಿದ್ದರು. ಅಪ್ಪ ಅದನ್ನು ಮುಂಗಡವೆಂದು ಭಾವಿಸಿ ಸುಮ್ಮನಿದ್ದರು. ಡಾಲರ್ ಲೆಕ್ಕದಲ್ಲಿ ನೋಡಿದಾಗ ಬಂದಿದ್ದದ್ದು 4,980 ಮಾತ್ರ. ಹೆಚ್ಚಿಗೆ ಕೊಟ್ಟವರಂತೆ ಕಂಡವರ ಹಣ ನಿಜಕ್ಕೂ 20 ಡಾಲರ್ ಕಡಿಮೆ! ಗಿರಾಕಿ ಮೋಸ ಮಾಡಿದರೆಂದಲ್ಲ. ಹೊರದೇಶದಿಂದ ಬರುವ ಹಣ ಕೆಲವೊಮ್ಮೆ ನಡುವಿನ ಬ್ಯಾಂಕೊಂದರ ಮೂಲಕ ಹಾದುಬರುತ್ತದೆ, ಅದು ತನ್ನ ಶುಲ್ಕವನ್ನು ಹಿಡಿದುಕೊಂಡೇ ಮುಂದಕ್ಕೆ ಕಳಿಸುತ್ತದೆ. ಬ್ಯಾಂಕಿನ ಕಾಗದದಲ್ಲಿ ಅದೂ ನಮೂದಾಗಿತ್ತು.

ಇದನ್ನು ಬರೆಯುವುದು ಹೀಗೆ: ಬ್ಯಾಂಕಿಗೆ 4,18,320 ಡೆಬಿಟ್, ಬ್ಯಾಂಕ್ ಶುಲ್ಕಕ್ಕೆ 20 ಡಾಲರಿನ ಬೆಲೆ 1,680 ಡೆಬಿಟ್. ಒಟ್ಟು 4,20,000. ಎದುರಿಗೆ ಬಾಕಿ–ಡಾಲರ್ ಖಾತೆಗೆ 4,15,000 ಕ್ರೆಡಿಟ್, ವಿನಿಮಯ ಲಾಭಕ್ಕೆ 5,000 ಕ್ರೆಡಿಟ್. ಎರಡೂ ಕಡೆ ಸರಿಹೋಯಿತು. ಹಣ ಕಡಿಮೆ ಬಂದಂತೆ ಕಂಡಾಗ ಮೂರು ಕಾರಣಗಳಿರಬಹುದು: ದರ ಬದಲಾಗಿರಬಹುದು, ಬ್ಯಾಂಕ್ ಶುಲ್ಕ ಹಿಡಿದಿರಬಹುದು, ಇಲ್ಲವೇ ಗಿರಾಕಿಯೇ ಕಡಿಮೆ ಕಳಿಸಿರಬಹುದು. ರೂಪಾಯಿ ಮಾತ್ರ ಇರುವ ಪುಸ್ತಕದಲ್ಲಿ ಈ ಮೂರೂ ಒಂದೇ ಅಂಕಿಯಾಗಿ ಕಲಸಿಹೋಗುತ್ತವೆ. ನಾಣ್ಯಕ್ಕೊಂದು ಖಾತೆ ಇದ್ದಾಗ ಬೇರೆಬೇರೆಯಾಗಿ ಕಾಣುತ್ತವೆ. ಮೂರನೆಯದಕ್ಕೆ ಮಾತ್ರ ಗಿರಾಕಿಗೆ ಪತ್ರ ಬರೆಯಬೇಕು.

ಹಳೆಯ ಪಟ್ಟಿಯಲ್ಲಿ ಇನ್ನೊಂದು ಅಪಾಯ ಅಡಗಿತ್ತು. ಜರ್ಮನಿಯ ಆರು ಸಾವಿರದಿಂದ ಅಮೆರಿಕದ 3,320 ಕಳೆದು, ಆ ಇಬ್ಬರಿಂದ ಬರಬೇಕಾದ ಒಟ್ಟು ಬಾಕಿ 2,680 ರೂಪಾಯಿ ಎಂದು ಅದು ತೋರಿಸುತ್ತಿತ್ತು. ಎರಡು ಸುಳ್ಳುಗಳು ಒಂದನ್ನೊಂದು ಕಳೆದುಕೊಂಡು ಸಣ್ಣದಾಗಿ ಕಂಡವು. ಮೊತ್ತ ಸಣ್ಣದಾದಷ್ಟೂ ಅನುಮಾನ ಬರುವುದಿಲ್ಲ. ತಾಳೆ ಪಟ್ಟಿ ಸರಿಹೊಂದಿತು ಎಂದ ಮಾತ್ರಕ್ಕೆ ಲೆಕ್ಕ ಸರಿಯಾಗಿದೆ ಎಂದಲ್ಲ ಎಂಬುದನ್ನು ವಾಣಿಜ್ಯ ವಿದ್ಯಾರ್ಥಿಗಳು ಇಲ್ಲಿ ನೆನೆಯಬೇಕು.

ಉಳಿದದ್ದು ಇಂಗ್ಲೆಂಡಿನ ಬಿಲ್. ಫೆಬ್ರವರಿಯಲ್ಲಿ 1,000 ಪೌಂಡ್, ದರ 105, ಅಂದರೆ 1,05,000 ರೂಪಾಯಿ. ಮಾರ್ಚ್ 31 ಬಂದರೂ ಹಣ ಬಂದಿಲ್ಲ. ಇದು ನಿಜವಾದ ಬಾಕಿ. ಅಡಾವೆ ಪತ್ರಿಕೆಯಲ್ಲಿ ಇದನ್ನು ಎಷ್ಟೆಂದು ತೋರಿಸಬೇಕು? ಭಾರತೀಯ ಚಾರ್ಟರ್ಡ್ ಅಕೌಂಟೆಂಟುಗಳ ಸಂಸ್ಥೆಯ 11ನೆಯ ಲೆಕ್ಕ ಮಾನದಂಡ ಇದಕ್ಕೆ ಉತ್ತರ ಕೊಡುತ್ತದೆ. ವ್ಯವಹಾರವನ್ನು ಮೊದಲು ಅದು ನಡೆದ ದಿನದ ದರದಲ್ಲಿ ಬರೆಯಬೇಕು. ವರ್ಷದ ಕೊನೆಗೆ ಉಳಿದ ಬಾಕಿಯನ್ನು ಆ ಕೊನೆಯ ದಿನದ ದರಕ್ಕೆ ತರಬೇಕು. ಮಾರ್ಚ್ 31ರ ದರ 107 ಎಂದುಕೊಂಡರೆ ಬಾಕಿ 1,07,000 ಆಗುತ್ತದೆ, ಹೆಚ್ಚಾದ 2,000 ಆ ವರ್ಷದ ವಿನಿಮಯ ಲಾಭ. ಕೈಗೆ ಬಾರದ ಲಾಭ ಇದು. ಏಪ್ರಿಲಿನಲ್ಲಿ ಹಣ ಬಂದ ದಿನ ದರ 106ಕ್ಕೆ ಇಳಿದಿದ್ದರೆ ಹೊಸ ವರ್ಷದಲ್ಲಿ 1,000 ನಷ್ಟ ಬರೆಯಬೇಕು. ಎರಡನ್ನೂ ಸೇರಿಸಿದರೆ ಉಳಿಯುವುದು ಸಾವಿರ ರೂಪಾಯಿ ಲಾಭ. 105ರಿಂದ 106ಕ್ಕೆ ಏರಿದ ದರಕ್ಕೆ ಸಾವಿರ ಪೌಂಡಿನ ಮೇಲೆ ಅಷ್ಟೇ ಸಿಗಬೇಕು. ಲೆಕ್ಕ ಎರಡು ವರ್ಷಗಳಿಗೆ ಹಂಚಿಹೋದರೂ ಒಟ್ಟು ತಪ್ಪಲಿಲ್ಲ. ಈ ನಡುವೆ ಬಾಕಿ–ಪೌಂಡ್ ಖಾತೆಯಲ್ಲಿ 1,000 ಪೌಂಡ್ ಎಂಬ ಅಂಕಿ ಒಮ್ಮೆಯೂ ಅಲುಗಲಿಲ್ಲ. ಗಿರಾಕಿಯ ಸಾಲ ಅದೇ, ಅದರ ರೂಪಾಯಿ ನೆರಳು ಮಾತ್ರ ಉದ್ದ ಗಿಡ್ಡ ಆಗುತ್ತಿತ್ತು.

ದರವನ್ನು ಎಲ್ಲಿಂದ ತೆಗೆದುಕೊಳ್ಳಬೇಕು ಎಂಬ ಪ್ರಶ್ನೆ ಸಹಜ. ಡಾಲರ್, ಪೌಂಡ್, ಯೂರೊ, ಯೆನ್‌ಗಳ ಉಲ್ಲೇಖ ದರವನ್ನು ಮೊದಲು ರಿಸರ್ವ್ ಬ್ಯಾಂಕ್ ಪ್ರಕಟಿಸುತ್ತಿತ್ತು. 2018ರ ಜುಲೈ 10ರಿಂದ ಆ ಕೆಲಸವನ್ನು ಎಫ್‌ಬಿಐಎಲ್ ಎಂಬ ಸಂಸ್ಥೆ ಮಾಡುತ್ತಿದೆ. ಇಲ್ಲಿಯೂ ಏಕಮಾನದ ಎಚ್ಚರ ಬೇಕು. ಡಾಲರಿನ ದರ ಒಂದು ಡಾಲರಿಗೆ, ಜಪಾನಿನ ಯೆನ್ ದರ ನೂರು ಯೆನ್‌ಗೆ. ಅದನ್ನು ಗಮನಿಸದೆ ಕಂಪ್ಯೂಟರಿಗೆ ಹಾಕಿದರೆ ಬಾಕಿ ನೂರು ಪಟ್ಟು ಬೆಳೆಯುತ್ತದೆ. ಜಿಎಸ್‌ಟಿ ಲೆಕ್ಕಕ್ಕೆ ರಫ್ತು ಸರಕಿನ ಬೆಲೆಯನ್ನು ಕಸ್ಟಮ್ಸ್ ಇಲಾಖೆಗಾಗಿ ಪ್ರಕಟಿಸಿದ ದರದಲ್ಲಿ ಕಟ್ಟಬೇಕು. ಹೀಗಾಗಿ ರಿಟರ್ನಿನ ಅಂಕಿಗೂ ಪುಸ್ತಕದ ಅಂಕಿಗೂ ಸ್ವಲ್ಪ ವ್ಯತ್ಯಾಸ ಬಂದರೆ ಗಾಬರಿಯಾಗಬೇಕಿಲ್ಲ. ಯಾವ ದರ, ಯಾವ ದಿನದ್ದು, ಯಾವ ಉದ್ದೇಶಕ್ಕೆ ಎಂದು ಬರೆದಿಟ್ಟರೆ ಸಾಕು.

ಸಾಫ್ಟ್‌ವೇರುಗಳು ಈ ಕೆಲಸವನ್ನು ಬೇರೆಬೇರೆ ಬಗೆಯಲ್ಲಿ ಮಾಡುತ್ತವೆ. ಹಣ ಕೊಡದೆ ಪಡೆಯಬಹುದಾದ ಗ್ನುಕ್ಯಾಶ್‌ನಲ್ಲಿ ಒಂದು ಖಾತೆಗೆ ಒಂದೇ ನಾಣ್ಯ. ಆದ್ದರಿಂದ ಅಲ್ಲಿ ನಾಣ್ಯಕ್ಕೊಂದು ಬಾಕಿ ಖಾತೆ ತೆರೆಯದೆ ವಿಧಿಯಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ ದೇಶದ ತುಂಬ ಹರಡಿದ ಟ್ಯಾಲಿಯಲ್ಲಿ ಮೊದಲು ನಾಣ್ಯಗಳನ್ನು ನಮೂದಿಸಿಕೊಂಡು, ಗಿರಾಕಿಯ ಖಾತೆಯಲ್ಲಿ ಡಾಲರನ್ನೂ ಅದರ ರೂಪಾಯಿ ಬೆಲೆಯನ್ನೂ ಒಟ್ಟಿಗೆ ಇಡಬಹುದು. ಸರಿಪಡಿಸದ ವಿನಿಮಯ ವ್ಯತ್ಯಾಸವನ್ನು ಅದು ಅಡಾವೆ ಪತ್ರಿಕೆಯಲ್ಲಿ ಬೇರೆ ಸಾಲಾಗಿ ತೋರಿಸುತ್ತದೆ. ಆದರೆ ಎರಡರಲ್ಲೂ ವರ್ಷದ ಕೊನೆಯ ಹೊಂದಾಣಿಕೆಯನ್ನು ಲೆಕ್ಕ ಬರೆಯುವವರೇ ಯೋಚಿಸಿ ಮಾಡಬೇಕು. ಯಂತ್ರ ಕೂಡುತ್ತದೆ, ಕಳೆಯುತ್ತದೆ. ಕೂಡಬಹುದೇ ಎಂದು ಅದು ಕೇಳುವುದಿಲ್ಲ.

ಈ ಎಚ್ಚರ ಹೊಸದೇನೂ ಅಲ್ಲ. ಇಟಲಿಯ ಗಣಿತಜ್ಞ ಲೂಕಾ ಪಚಿಯೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಜೋಡಿ ನಮೂದಿನ ಪದ್ಧತಿಯನ್ನು ವಿವರಿಸುವಾಗಲೇ, ಬೇರೆಬೇರೆ ನಾಣ್ಯಗಳನ್ನು ಒಟ್ಟಿಗೆ ಕೂಡುವುದು ಸಲ್ಲದು, ಮೊತ್ತ ಒಂದೇ ಬಗೆಯ ನಾಣ್ಯದಲ್ಲಿರಬೇಕು ಎಂಬ ಎಚ್ಚರಿಕೆ ಕೊಟ್ಟಿದ್ದ. ಹಲವು ಊರುಗಳ ನಾಣ್ಯ ಬಂದು ಸೇರುತ್ತಿದ್ದ ವೆನಿಸ್‌ನ ವರ್ತಕರಿಗೆ ಅದು ದಿನನಿತ್ಯದ ಸಮಸ್ಯೆ. ಕನ್ನಡ ನಾಡಿನ ಪೇಟೆಗಳಲ್ಲೂ ನಾಣ್ಯ ಪರೀಕ್ಷಿಸಿ ಬೆಲೆ ಕಟ್ಟುತ್ತಿದ್ದ ಚಿನಿವಾರರಿದ್ದರು. 'ಚಿನಿವಾರ ಪೇಟೆ' ಎಂಬ ಮಾತು ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಉಳಿದುಬಂದಿದೆ.

ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಕೋರ್ಸಿಗೆ ಮಕ್ಕಳನ್ನು ಸೇರಿಸುವ ತಂದೆ ತಾಯಂದಿರು ಒಂದು ಮಾತು ಗಮನಿಸಬೇಕು. ಯಾವ ಗುಂಡಿ ಒತ್ತಿದರೆ ಯಾವ ಪಟ್ಟಿ ಬರುತ್ತದೆ ಎಂಬುದನ್ನು ಮೂರು ತಿಂಗಳಲ್ಲಿ ಕಲಿಯಬಹುದು. ಬಂದ ಪಟ್ಟಿಯನ್ನು ನಂಬಬೇಕೇ ಬೇಡವೇ ಎಂದು ನಿರ್ಧರಿಸುವ ವಿವೇಕಕ್ಕೆ ಹೆಚ್ಚು ಕಾಲ ಬೇಕು. ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಅಭ್ಯಾಸ ಮಾಡಿ ನೋಡಬಹುದು. ನೋಟ್‌ಬುಕ್ಕಿನಲ್ಲಿ ಎರಡು ಅಂಕಣ ಗೆರೆ ಹಾಕಿ, ನೂರು ಡಾಲರ್ ಬರಬೇಕಾಗಿದೆ ಎಂದು ಬರೆದುಕೊಂಡು, ಒಂದು ತಿಂಗಳು ಪ್ರತಿದಿನ ಪತ್ರಿಕೆಯಲ್ಲಿನ ದರ ನೋಡಿ ಅದರ ರೂಪಾಯಿ ಬೆಲೆ ಬರೆಯಿರಿ. ಒಂದು ಅಂಕಣ ಸ್ಥಿರ, ಇನ್ನೊಂದು ಚಂಚಲ. ಮೇಲಿನ ಪಾಠವೆಲ್ಲ ಆ ಒಂದು ಪುಟದಲ್ಲಿದೆ.

ಚನ್ನಪಟ್ಟಣದ ಮನೆಯಲ್ಲಿ ಪುಸ್ತಕ ಸರಿಯಾಗುವ ಹೊತ್ತಿಗೆ ರಾತ್ರಿ ಹನ್ನೊಂದಾಗಿತ್ತು. ಹೊಸ ಪಟ್ಟಿಯಲ್ಲಿ ಉಳಿದದ್ದು ಇಂಗ್ಲೆಂಡಿನ ಬಾಕಿ ಒಂದೇ. ಅಪ್ಪ ಬಹಳ ಹೊತ್ತು ಅದನ್ನೇ ನೋಡಿದರು. "ಸುಮ್‌ಸುಮ್ನೆ ಒಳ್ಳೇವ್ರನ್ನ ಅನುಮಾನ ಪಟ್ಬಿಟ್ನಲ್ಲ ಮಗ" ಎಂದರು. ಮಗಳು ಏನೂ ಹೇಳಲಿಲ್ಲ. ಜರ್ಮನಿಯವರಿಗೆ ಹಣ ಪೂರ್ತಿ ಬಂದಿದೆ, ತಪ್ಪು ತಮ್ಮ ಲೆಕ್ಕದ್ದು, ಕ್ಷಮಿಸಬೇಕು ಎಂದು ಅಪ್ಪ ಹೇಳುತ್ತ ಹೋದರು, ಅವಳು ಬರೆಯುತ್ತ ಹೋದಳು. ಆ ವ್ಯವಹಾರದಲ್ಲಿ ನಿಜವಾಗಿ ಸಲ್ಲಬೇಕಾಗಿದ್ದ ಬಾಕಿ ಆ ಪತ್ರವೊಂದೇ ಆಗಿತ್ತು.